ಅಳತೆ ಪುಸ್ತಕ

ರೈಲ್ವೆ ಪೊಲೀಸರು ಬರೆದುಕೊಟ್ಟ ಪಟ್ಟಿಯಲ್ಲಿ
ಒಂದು ಕೈಗಡಿಯಾರ, ನಿಂತಿಲ್ಲ.
ಒಂದು ಸ್ಟೀಲಿನ ಡಬ್ಬಿ, ತೊಳೆದದ್ದು.
ಡೊಂಬಿವಲಿಯಿಂದ ಸಿಎಸ್‌ಟಿಗೆ ಮೂರು ತಿಂಗಳ ಪಾಸು.
ಚಪ್ಪಲಿ, ಎಡಗಾಲಿನದು ಮಾತ್ರ.

ಇಷ್ಟು ವರ್ಷ ಫಾಸ್ಟ್ ಗಾಡಿಯನ್ನೇ ಹಿಡಿದ ಅಪ್ಪ
ಆ ಶನಿವಾರ ಸ್ಲೋ ಗಾಡಿಯ ಬಾಗಿಲಲ್ಲಿ ಯಾಕೆ ನಿಂತಿದ್ದರು,
ಮುಂಬ್ರಾ ತಿರುವಿನಲ್ಲೇ ಯಾಕೆ, ಯಾರೂ ಕೇಳಲಿಲ್ಲ.
ಗರ್ದಿ, ಅಂದರು. ವಿಧಿ, ಅಂದರು.
ಫೋಟೋಕ್ಕೆ ಹಾರ ತರಲು ಹೋದರು.
ನಾನೂ ಕೇಳಲಿಲ್ಲ. ಮುಂಬ್ರಾದಲ್ಲಿ ಯಾರ ಮನೆಯಿದೆಯೆಂದು
ಅಪ್ಪ ಹೋದ ಮೇಲೆ ನನಗೊಬ್ಬಳಿಗೇ ಗೊತ್ತಿತ್ತು.

ಹಿಂದಿನ ತಿಂಗಳು ಗ್ಯಾಲರಿಯಲ್ಲಿ ಬಟ್ಟೆ ಒಣಹಾಕುತ್ತ
ಇಲಿಯಾಸನ ಹೆಸರು ಹೇಳಿದ್ದೆ. ಒಂದೇ ಸಲ, ಪೂರ್ತಿ ಹೆಸರು.
ಅಪ್ಪ ಕ್ಲಿಪ್ಪು ಕಚ್ಚಿಕೊಂಡೇ ಕೇಳಿದರು:
"ಅಂಗಿ ಎಷ್ಟರದ್ದು ಅವನಿಗೆ?"
ನಲವತ್ತು, ಅಂದೆ.
ಮಾತು ಹಾರಿಸಿದರು ಎಂದು ರಾತ್ರಿಯಿಡೀ ಹಲ್ಲು ಕಡಿದೆ.
ಅವರೊಡನೆ ಮಾತು ಬಿಟ್ಟೆ.
ಬಿಟ್ಟ ಇಪ್ಪತ್ತಾರನೆಯ ದಿನ ಫೋನು ಬಂತು.

ಬೊಜ್ಜದ ದಿನ, ಎಲೆ ಎತ್ತುವ ಹೊತ್ತಿಗೆ ಬಂದರು
ಗಿರ್ಗಾಂವ್‌ನ ಟೇಲರ್ ವಾಮನ ಪೆಡ್ನೇಕರ್.
ಬಗಲಲ್ಲಿ ಗಂಟು, ಕೊರಳಲ್ಲಿ ತೆಗೆಯಲು ಮರೆತ ಟೇಪು.
"ವಹಿನಿ," ಎಂದರು ಅಮ್ಮನಿಗೆ.
ಆಮೇಲೆ ಬಹಳ ಹೊತ್ತು ಏನೂ ಅನ್ನಲಿಲ್ಲ.

ಕೆಂಪು ರಟ್ಟಿನ ಉದ್ದನೆಯ ಪುಸ್ತಕ. ಅದರಲ್ಲಿ ಬೇರೆ ಗಿರಾಕಿಯಿಲ್ಲ,
ಪುಟಪುಟಕ್ಕೂ ಜಾರಪ್ಪ ಬಂಗೇರ.
ತೊಂಬತ್ತಮೂರರ ಜನವರಿ, ಕರ್ಫ್ಯೂ ಸಡಿಲವಾದ ಸಂಜೆ:
ಎದೆ ಮೂವತ್ತನಾಲ್ಕು, ಸೊಂಟ ಇಪ್ಪತ್ತೆಂಟು.
ನಾನು ಹುಟ್ಟಿದ ವರ್ಷ: ಎಡ ಭುಜ ಕಾಲಿಂಚು ಇಳಿದಿದೆ,
ಮಗುವನ್ನು ಎತ್ತಿ ಎತ್ತಿ ಇರಬೇಕು, ಎಂದು ಮರಾಠಿಯಲ್ಲಿ ಟಿಪ್ಪಣಿ.
ಎರಡು ಸಾವಿರದ ಐದು, ನೆರೆಯ ವಾರ: ಅಳತೆಯಿಲ್ಲ.
'ಬಂದ. ಒದ್ದೆಯಾಗಿದ್ದ' ಎಂದಷ್ಟೇ.
ಒಬ್ಬ ಮನುಷ್ಯನನ್ನು ಮೂವತ್ತೊಂದು ವರ್ಷ
ಇಂಚು ಇಂಚಾಗಿ ಬರೆದಿಟ್ಟ ಪುಸ್ತಕ.
ಇಷ್ಟಾಗಿ ಅಪ್ಪನ ಹತ್ತಿರ ಇದ್ದದ್ದು ಆರೇ ಅಂಗಿ.

ದೊಡ್ಡ ಮಾವ ಕಸಿದುಕೊಂಡು ನಾಲ್ಕು ಪುಟ ತಿರುವಿದರು.
ಲೆಕ್ಕ ತಿಳಿದ ಮನುಷ್ಯ, ತಿಳಿಯಿತು.
"ಥೂ! ಗಂಡಸು ಗಂಡಸಿಗೆ..."
ಮಾತು ಅರ್ಧಕ್ಕೇ ನಿಂತಿತು,
ಅಮ್ಮ ನೀರಿನ ಲೋಟ ಇಟ್ಟ ಸದ್ದಿಗೆ. ಇಟ್ಟದ್ದು
ಮಾವನ ಮುಂದಲ್ಲ.

"ಶನಿವಾರದ ಡಬ್ಬಿಗೆ ಎರಡು ಬಂಗುಡೆ ಹಾಕ್ತಿದ್ದೆ," ಅಂದಳು ಅಮ್ಮ,
"ನಿಮಗೆ ಆಗ್ತಿತ್ತೋ ಇಲ್ಲವೋ, ಕೇಳುವುದು ಯಾರನ್ನು?"
"ಆಗ್ತಿತ್ತು," ಅಂದರು ಅವರು, ನಮ್ಮ ಭಾಷೆಯಲ್ಲಿ, ಅಪ್ಪನದೇ ರಾಗದಲ್ಲಿ.
"ಖಾರ ತುಸು ಜಾಸ್ತಿ. ಡಬ್ಬಿ ನಾನೇ ತೊಳೆದು ಕೊಡ್ತಿದ್ದೆ."

ಗಂಟಿನ ತಳದಲ್ಲಿ ಇನ್ನೂ ಒಂದಿತ್ತು.
ತಿಳಿನೀಲಿ ಅಂಗಿ, ಗುಂಡಿ ಹಾಕದ್ದು, ಅಪ್ಪನ ಮೈಯದಲ್ಲ.
"ಹುಡುಗನನ್ನು ನೋಡಿ ಬರ್ತೇನೆ, ಅಷ್ಟರಲ್ಲಿ ಗುಂಡಿ ಹಾಕಿಡು ಅಂದ.
ಅಲ್ಲಿ ಸ್ಲೋ ಗಾಡಿಯೇ ನಿಲ್ಲುವುದು ಅಂತ ನಾನೇ ಹೇಳಿದೆ.
ನಾನೇ," ಎಂದರು ಇನ್ನೊಮ್ಮೆ.
ಗಂಟಲಲ್ಲಿ ನನ್ನದೂ ಅದೇ ಮಾತು ಸಿಕ್ಕಿಕೊಂಡಿತ್ತು.

ಕೊನೆಯ ಪುಟದಲ್ಲಿ ಹೆಸರಿಲ್ಲ. ಬರೇ ೪೦.
ಅಪ್ಪ ಕನ್ನಡದಲ್ಲಿ ಬರೆದರೋ, ಇವರು ಮರಾಠಿಯಲ್ಲಿ ಬರೆದರೋ,
ಆ ಎರಡು ಅಂಕಿ ಎರಡು ಲಿಪಿಯಲ್ಲೂ ಹೆಚ್ಚುಕಡಿಮೆ ಒಂದೇ.

ಮಾವ ಎದ್ದರು. ಅವರ ಹಿಂದೆ ಅತ್ತೆ, ಹುಬ್ಬು ಹಾರಿಸುತ್ತ ಸಂಘದ ಇಬ್ಬರು.
ಬಾಗಿಲ ಬಳಿ ಚಪ್ಪಲಿಗಳ ಗಲಾಟೆ, ಲಿಫ್ಟಿಗೂ ಕಾಯದೆ
ಮೆಟ್ಟಿಲಿಳಿಯುವ ಸದ್ದು.
ಅಮ್ಮ ಬಿಸ್ಕತ್ತಿನ ಹಳೇ ಡಬ್ಬದಿಂದ ಬಿಳಿ ಗುಂಡಿ ಆರಿಸುತ್ತಿದ್ದಾಳೆ,
ಆರು, ಏಳು, ಕೈತೋಳಿಗೆ ಇನ್ನೆರಡು.
ದಾರ ಪೋಣಿಸಲು ಅವಳಿಗೆ ಕಣ್ಣು ಹಿಡಿಯುವುದಿಲ್ಲ.
ಸೂಜಿಯನ್ನು ಅವರತ್ತ ಚಾಚಿದ್ದಾಳೆ.