ಚುಕ್ಕಿ

ರಾಜಧಾನಿಯಿಂದ ಬಂದ ಹಾಳೆಯಲ್ಲಿ
ನಮ್ಮ ಶಾಲೆಯ ಸಾಲಿಗೆ ಅಂಕಿಯೇ ಇಲ್ಲ.
ಓದು: ಚುಕ್ಕಿ. ಗಣಿತ: ಚುಕ್ಕಿ. ವಿಜ್ಞಾನ: ಚುಕ್ಕಿ.
ಅಡಿಯಲ್ಲಿ ಇರುವೆಗಾತ್ರದ ಅಕ್ಷರ:
ಹತ್ತಕ್ಕಿಂತ ಕಡಿಮೆ ಮಕ್ಕಳಿದ್ದಲ್ಲಿ
ಫಲಿತಾಂಶ ತೋರಿಸುವುದಿಲ್ಲ, ಮಕ್ಕಳ ಗುಟ್ಟು ಕಾಯಲು.

ಗುಟ್ಟಂತೆ!
ನೆಬ್ರಾಸ್ಕಾದ ಈ ಮರಳುದಿಬ್ಬಗಳ ನಡುವೆ
ಯಾರ ಹಸು ಯಾವ ಹೊತ್ತಲ್ಲಿ ಈಯಿತೆಂಬ ಸುದ್ದಿ
ಬೆಳಗಾಗುವಷ್ಟರಲ್ಲಿ ಹನ್ನೆರಡು ಮೈಲಿ ನಡೆದಿರುತ್ತದೆ.
ಪರೀಕ್ಷೆಯ ದಿನ ಕಾಲ್ವಿನ್ ಹ್ರೂಬಿ
ಕೀಲಿಮಣೆಯ ಮೇಲೆ ಕೆನ್ನೆಯಿಟ್ಟು ನಿದ್ದೆಹೋದದ್ದು,
ಹದಿನಾಲ್ಕನೇ ಉತ್ತರದ ಜಾಗದ ತುಂಬ
ಬರೀ ಜಿ ಜಿ ಜಿ ಜಿ ಎಂದು ಬಿದ್ದದ್ದು
ಯಾರಿಗೆ ಗೊತ್ತಿಲ್ಲ?
ಹಿಂದುಮುಂದಾಗಿ ಸಿಕ್ಕಿಕೊಂಡ ಕರುವನ್ನು
ಅಜ್ಜಿಯ ಜೊತೆ ಸರಪಳಿ ಹಾಕಿ ಎಳೆದಿದ್ದ,
ಬೆಳಗಿನ ಜಾವ ನಾಲ್ಕರ ತನಕ.
ಕರು ಬದುಕಿತು. ಅದಕ್ಕೆ ಅಂಕವಿಲ್ಲ.

ಹಿಂದಿನ ವರ್ಷ ಹತ್ತು ಮಂದಿ. ನಾಲ್ವರು ದಾಟಿದರು.
ಶೇಕಡಾ ನಲವತ್ತು ಎಂದು ಪತ್ರಿಕೆ ದಪ್ಪಕ್ಷರದಲ್ಲಿ ಬರೆಯಿತು;
ಪೆಟ್ರೋಲ್ ಬಂಕಿನ ಕಾಫಿಯ ಸುತ್ತ
ಶಾಲೆ ಮುಚ್ಚಬೇಕೋ ಬೇಡವೋ ಎಂಬ ಪಂಚಾಯಿತಿ.
ಈ ಸಲ ಮಂಡಳಿಯ ಸಭೆಯಲ್ಲಿ ಸ್ಟೆಂಗಲ್ ಮುದುಕ
ಕನ್ನಡಕ ಹಣೆಗೇರಿಸಿ ನಕ್ಕ: ‘ಬಚಾವಾದೆವು.’
ಒಬ್ಬರಾದರೂ ಕೇಳಲಿಲ್ಲ,
ಹತ್ತು ಒಂಬತ್ತಾದದ್ದು ಹೇಗೆಂದು.

ಇಟ್ಸೆಲ್ ಬ್ಯಾರಿಯೆಂಟೋಸ್. ಮೂರನೇ ಸಾಲು, ಕಿಟಕಿ ಪಕ್ಕ.
ಅಪ್ಪ ಬೇಲಿ ಹಾಕುವವನು,
ಹದಿನಾರೂವರೆ ಅಡಿಗೊಂದು ಕಂಬ.
ಒಂದು ಮೈಲಿಗೆ ಮುನ್ನೂರಿಪ್ಪತ್ತು ಎಂದು ನಾನು
ಹಲಗೆಯ ಮೇಲೆ ಬರೆದಾಗ
ಎದ್ದು ಬಂದು ಒಂದು ಕೂಡಿಸಿದಳು.
‘ಸಂದು ಮುನ್ನೂರಿಪ್ಪತ್ತು, ಮಿಸ್.
ಕಂಬ ಮುನ್ನೂರಿಪ್ಪತ್ತೊಂದು.
ಕೊನೆಯದನ್ನು ಎಲ್ಲರೂ ಮರೆಯುತ್ತಾರೆ.’

ಫೆಬ್ರವರಿಯಲ್ಲಿ ಆ ರ‍್ಯಾಂಚು ಮಾರಾಟವಾಯಿತು.
ಪಿಕಪ್ಪಿನ ಹಿಂದೆ ಎರಡು ಹಾಸಿಗೆ, ಒಂದು ನಾಯಿ.
ಅಪ್ಪ ಈಗ ದೂರದೂರಿನ ಮಾಂಸದ ಕಾರ್ಖಾನೆಯಲ್ಲಿ;
ಅಲ್ಲಿಯ ಶಾಲೆಯಲ್ಲಿ ಆರುನೂರು ಮಕ್ಕಳು.
ಇಲ್ಲಿ ಅವಳೊಬ್ಬಳೇ ಶೇಕಡಾ ಹತ್ತು.
ಅಲ್ಲಿ ಶೇಕಡಾ ಒಂದನ್ನು ಆರು ಹೋಳು ಮಾಡಿದರೆ
ಅದರಲ್ಲೊಂದು ಹೋಳು.
ಲೆಕ್ಕದ ಮೇಡಂ ನಾನು, ಸರಿಯಾಗಿಯೇ ಭಾಗಿಸಿದ್ದೇನೆ.
ಆದರೂ ಎರಡು ಸಲ ಅಳಿಸಿ ಮತ್ತೆ ಮಾಡಿದೆ.

ಬಸ್ಸು ಓಡಿಸುವವಳೂ ನಾನೇ.
ಇಬ್ಬರು ದೊಡ್ಡ ಶಾಲೆಗೆ ಹೋದರು, ಕೆಳಗಿನಿಂದ ಇಬ್ಬರು ಬಂದರು;
ಈಗಲೂ ಒಂಬತ್ತೇ.
ನವೆಂಬರಿನ ಕತ್ತಲಲ್ಲಿ, ಗಾಳಿಯಂತ್ರದ ತಿರುವಿನಲ್ಲಿ
ಕಾಲು ತಾನಾಗಿ ಬ್ರೇಕಿಗೆ ಹೋಗುತ್ತದೆ.
ಬಾಗಿಲು ಉಸ್ಸೆಂದು ತೆರೆದುಕೊಳ್ಳುತ್ತದೆ.
ಹಿಮದ ಪುಡಿ ಮಾತ್ರ ಮೆಟ್ಟಿಲೇರಿ ಬರುತ್ತದೆ.

‘ಅವಳಿಲ್ಲ, ಮಿಸ್’ ಎನ್ನುತ್ತಾನೆ ಕಾಲ್ವಿನ್
ಹಿಂದಿನ ಸೀಟಿನಿಂದ, ಕಣ್ಣು ಬಿಡದೆ.
ಗೊತ್ತು.
ಪಟ್ಟಿಯಲ್ಲಿ ಒಂಬತ್ತು ಎಂದೇ ಬರೆಯುತ್ತೇನೆ.
ಬಾಯಿ ಮಾತ್ರ ತೆರೆದ ಬಾಗಿಲಿಗೆ
ಮೆಲ್ಲಗೆ ಅನ್ನುತ್ತದೆ:
ಹತ್ತು.