ಉಪಯೋಗಕ್ಕೆ ಬರುವ ಬೇಜಾರು

ಸಂತೇಪೇಟೆಯ ಅಂಗಡಿಯವನು ಅರವತ್ತು ಪೊಟ್ಟಣ ವಾಪಸ್ ಕೊಟ್ಟ.
ಯಾಕೆಂದು ಕೇಳಿದರೆ ತಕ್ಕಡಿ ಒರೆಸುತ್ತ ನಿಂತ.
ಆಮೇಲೆ, 'ನಾನು ಹೇಳಿದರೆ ಬೇಜಾರಾಗ್ತೀರ.
ಮಂಡಿ ಮೊಹಲ್ಲಾದಲ್ಲಿ ಹಫೀಜಾಬಿ ಅಂತ ಇದ್ದಾರೆ.
ಅವರು ಹೇಳಿದರೂ ಬೇಜಾರೇ,
ಆದರೆ ಅದು ಉಪಯೋಗಕ್ಕೆ ಬರುವ ಬೇಜಾರು.'

ಅಲ್ಲಿಯವರೆಗೆ ನನಗೆ ಸಿಕ್ಕಿದ್ದೆಲ್ಲ ಚಪ್ಪಾಳೆ.
ತರಬೇತಿ ಕೇಂದ್ರದ ಸರ್ ಸರ್ಟಿಫಿಕೇಟು ಕೊಟ್ಟು
ಪಕ್ಕದಲ್ಲಿ ಫೋಟೋಗೆ ನಿಂತರು.
ನಾದಿನಿ, ಪೊಟ್ಟಣ ಬಿಚ್ಚುವ ಮೊದಲೇ, 'ಸೂಪರ್ ಅತ್ತಿಗೆ.'
ಬ್ಯಾಂಕಿನವರು ಎರಡು ಕಡ್ಡಿ ಹಚ್ಚಿ
ಗೋಡೆಯ ಗಣಪತಿಗೆ ಬೆಳಗಿ, 'ಶುಭವಾಗಲಿ ಮೇಡಂ.'
ಗಂಡ ಮಾತ್ರ ಏನೂ ಅನ್ನಲಿಲ್ಲ.
ರಾತ್ರಿ ಕಿಟಕಿ ತೆರೆದಿಟ್ಟು ಮಲಗುತ್ತಿದ್ದ.
ಅದೂ ಒಂದು ಅಭಿಪ್ರಾಯವೆಂದು
ಆಗ ನನಗೆ ಹೊಳೆಯಲಿಲ್ಲ.

ಹೊಲಿಗೆ ಮಿಷನ್ ರಿಪೇರಿಯ ಪಕ್ಕದಲ್ಲಿ ಮೆಟ್ಟಿಲು.
ಮೇಲೆ ಒಂದೇ ಕೋಣೆ, ಒಂದೇ ಕುರ್ಚಿ, ಅದರಲ್ಲಿ ಆಕೆ.
ಮೂವತ್ತೆಂಟು ವರ್ಷ ಕಾರ್ಖಾನೆಯ ಮಿಕ್ಸಿಂಗ್ ರೂಮಿನಲ್ಲಿ
ಬೇರೆಯವರ ಹೆಸರಿನ ಡಬ್ಬಿಗೆ ಪರಿಮಳ ಕೂಡಿಸಿದವರು.
ನನ್ನ ಕಡ್ಡಿ ಹಚ್ಚಲಿಲ್ಲ. ಮುರಿದರು. ಉಗುರಲ್ಲಿ ಉಜ್ಜಿದರು.
ಕಪ್ಪಾದ ಬೆರಳನ್ನು ನನ್ನ ಕಡೆ ಹಿಡಿದರು.
'ಈಗ ಹಚ್ಚು. ಬಾಗಿಲು ಮುಚ್ಚು. ಕೆಳಗಿಳಿದು ಚಾ ಕುಡಿ.
ಕಾಲು ಗಂಟೆ ಬಿಟ್ಟು ಬಾ.'
ಆಕೆ ಒಳಗೇ ಕೂತರು.

ಬಂದೆ. ಬಾಗಿಲು ತೆರೆದೆ.
ಸಂಪಿಗೆ ಎಲ್ಲೂ ಇರಲಿಲ್ಲ.
ಇದ್ದಿಲಿತ್ತು, ಒದ್ದೆ ಗೋಣಿ ಸುಟ್ಟಂಥ ಏನೋ ಇತ್ತು,
ಹಫೀಜಾಬಿಯ ಕಣ್ಣಲ್ಲಿ ನೀರಿತ್ತು,
ಕರುಣೆಯದಲ್ಲ.

'ಹೆಸರೇನಿಟ್ಟಿದ್ದೀ?'
'ಮಂಗಳ ಸಂಪಿಗೆ.'
'ಸಂಪಿಗೆ ಮರಕ್ಕೆ ಗೊತ್ತಾದರೆ ಕೋರ್ಟಿಗೆ ಹೋಗುತ್ತೆ.'
ನಾನು ನಗಲಿಲ್ಲ. ಆಕೆಯೂ.
'ಆರು ತಿಂಗಳಿಂದ ಈ ಹೊಗೆಯೊಳಗೇ ಕೂತಿದ್ದೀಯ ಮಗಳೇ.
ನಿನ್ನ ಮೂಗಿಗೆ ಅದು ಮನೆಯಾಗಿಬಿಟ್ಟಿದೆ.
ನನ್ನ ಮೂಗಿಗೂ ಒಂದು ಸಲ ಹಾಗಾಗಿತ್ತು.
ಯಾರೂ ಚಾ ಕುಡಿಯೋಕೆ ಕಳಿಸಲಿಲ್ಲ.'

ಲೆಕ್ಕದ ಪುಸ್ತಕ ಕೇಳಿದರು. ಬೆರಳಿಟ್ಟು ಓದಿದರು:
ಇದ್ದಿಲ ಪುಡಿ, ಜಿಗಟು, ಬಿದಿರು ಕಡ್ಡಿ,
ಎಣ್ಣೆ, ಡಬ್ಬಿ, ಆಟೋ.
'ಹೊಸೆಯುವವಳ ಕೂಲಿ ಎಲ್ಲಿ?'
'ಹೊಸೆಯೋದು ನಾನೇ.'
'ಅದನ್ನೇ ಕೇಳಿದ್ದು.'
ಪುಟದ ಕೆಳಗೆ ನಾನು ಕೆಂಪಿನಲ್ಲಿ ಗೆರೆ ಎಳೆದ ಜಾಗಕ್ಕೆ ಬಂದರು.
'ಲಾಭ ಅಂತ ಬರೆದಿದ್ದೀಯಲ್ಲ,
ಇದು ನಿನ್ನ ಸೊಂಟನೋವು.'

ಕ್ಯಾತಮಾರನಹಳ್ಳಿಯವರೆಗೂ ನಡೆದೇ ಬಂದೆ, ಬೈಯುತ್ತ.
ಮೂರು ದಿನ ಆಕೆ ನನ್ನ ಬಾಯಲ್ಲಿ ಬರೀ ಮುದುಕಿ.
ನಾಲ್ಕನೆಯ ದಿನ ಅಗ್ಗದ ಎಣ್ಣೆಯನ್ನು ಮೋರಿಗೆ ಸುರಿದೆ.
ಮೋರಿ ಎರಡು ದಿನ ಪರಿಮಳಿಸಿತು;
ಪಕ್ಕದ ಮನೆಯಾಕೆ ಜಗಳಕ್ಕೆ ಬಂದಳು.
ಕಡ್ಡಿಗಳನ್ನು ಬಿಸಿಲು ತಪ್ಪಿಸಿ ನೆರಳಲ್ಲಿ ಒಣಗಿಸಿದೆ.
ಪುಸ್ತಕದಲ್ಲಿ ಹೊಸ ಸಾಲು: ಸರ್ವಮಂಗಳಾ, ದಿನಗೂಲಿ.
ಅಂಕಿ ಬರೆಯುವಾಗ ನಾಚಿಕೆಯಾಯಿತು,
ಯಾರದೋ ಜೇಬಿಗೆ ಕೈ ಹಾಕಿದ ಹಾಗೆ.
ಕೂಡಿ ಕಳೆದೆ.
ನಷ್ಟ.

ಆಮೇಲೆ ಪ್ರತಿ ಮಂಗಳವಾರ ಐದು ಕಡ್ಡಿ.
'ಇದ್ದಿಲು ಕಡಿಮೆಯಾಗಿದೆ, ಸುಳ್ಳು ಹಾಗೇ ಇದೆ.'
'ಇದು ಹೂವಲ್ಲ, ಹೂವಿನಂಗಡಿಯ ಪ್ಲಾಸ್ಟಿಕ್ ಕವರು.'
ಒಮ್ಮೆ ಏನೂ ಹೇಳದೆ
ಇನ್ನೊಂದು ಕಡ್ಡಿ ಹಚ್ಚಿದರು.
ಬಸ್ಸಿನಲ್ಲಿ ಅದನ್ನೇ ಲೆಕ್ಕ ಹಾಕುತ್ತ
ನನ್ನ ಸ್ಟಾಪು ದಾಟಿ ಹೋದೆ.
ನಿಮಗೇನು ಕೊಡಲಿ ಅಂದದ್ದಕ್ಕೆ
ಚಾಗೆ ದುಡ್ಡು ನೀನೇ ಕೊಡ್ತಿದ್ದೀಯಲ್ಲ, ಅಂದರು.

ಮೊನ್ನೆ ರಾತ್ರಿ ಎಚ್ಚರವಾಗಿ ನೋಡಿದರೆ
ಕಿಟಕಿಯ ಒಂದು ಬಾಗಿಲು ಹಾಕಿತ್ತು.
ಗಂಡನನ್ನು ಅಲುಗಿಸಿದೆ:
ಚಳಿಗೆ ಹಾಕಿದ್ದಾ, ವಾಸನೆ ಪರವಾಗಿಲ್ಲ ಅಂತಲಾ?
ಹೊದಿಕೆಯೊಳಗಿಂದ,
'ನಿಜ ಹೇಳಲಾ?' ಅಂದ.

ಎದ್ದು ದೀಪ ಹಾಕಿದೆ.
ಲೆಕ್ಕದ ಪುಸ್ತಕ ತಂದು,
ಪೆನ್ನಿನ ಕ್ಯಾಪು ತೆಗೆದು,
ಮಂಚದ ಅಂಚಲ್ಲಿ ಕೂತೆ.