ತಡ

ಗೋರ್ಲಿಟ್ಸಿನ ಸೇತುವೆಗೆ ಮತ್ತೆ ಪೊಲೀಸರು ಬಂದಿದ್ದಾರೆ.
ಕೆಳಗೆ ಹೊಳೆ, ಈ ದಡಕ್ಕೆ ನೈಸೆ, ಆ ದಡಕ್ಕೆ ನೀಸಾ,
ಯಾವ ಹೆಸರಿಗೂ ಓಗೊಡದೆ ಹರಿಯುತ್ತಿದೆ.

ಹಾಲ್ಷ್ಕಾ ಬಂದಾಗ ಒಂಬತ್ತೂಮುಕ್ಕಾಲು.
ಗೋಟ್‌ಹಾರ್ಡ್ ಮುದುಕ ಒದ್ದೆ ಹಾಸಿಗೆಯಲ್ಲೇ
ಟಿವಿಯ ಚರ್ಚೆ ನೋಡುತ್ತಿದ್ದ:
ಸಾರ್ವಭೌಮತ್ವ ಎನ್ನುತ್ತಾನೆ ಒಬ್ಬ,
ಒಕ್ಕೂಟ ಎನ್ನುತ್ತಾನೆ ಇನ್ನೊಬ್ಬ;
ಇಬ್ಬರ ಅಂಗಿಯ ಇಸ್ತ್ರಿಯೂ ಮುರಿದಿಲ್ಲ.

"ಎರಡು ಗಂಟೆ ತಡ," ಅಂದ.
"ನೀವು ಓಟು ಹಾಕಿದ್ದು ಇದಕ್ಕೇ ಅಲ್ವಾ?"
"ನಿನ್ನಂಥವರನ್ನ ತಡೆಯೋಕಲ್ಲ, ನಾನು…"
"ನನ್ನಂಥವರಿಗೆ ಬೇರೆ ಸಾಲಿರಲಿಲ್ಲ."

ನೀರು ಕಾಯಿಸಿದಳು.
ಅವನು ಸದ್ದು ಇಳಿಸಿ
ಎರಡೂ ಕೈ ಮೇಲೆತ್ತಿದ, ಅಂಗಿ ಬಿಚ್ಚಲಿ ಎಂದು.
ಬೆಳಿಗ್ಗೆ ಸೇತುವೆಯ ಮೇಲೆ
ಅವಳೂ ಹಾಗೇ ಎತ್ತಿದ್ದಳು.

ಬಿಸಿ ಹೆಚ್ಚಾಯಿತಾ, ಕೇಳಿದಳು.